ವೇರೂಳಿನ ಅಕ್ಕತಂಗಿಯರು

ಎಲ್ಲೋರಾ ಗುಹೆಗಳ ಊರಾದ ವೇರೂಳಿನ ಘೃಷ್ಣೇಶ್ವರ ಗುಡಿಗೆ ಬರುವ ಕನ್ನಡದ ಯಾತ್ರಿಕರು ಕಸ್ತೂರಿಬಾಯಿಯ ಖಾನಾವಳಿಯಲ್ಲಿ ರೊಟ್ಟಿ ಉಣ್ಣುತ್ತಾರೆ, ಜೊತೆಗೆ ಗುಡಿಯ ಕಥೆಯನ್ನೂ ಕೇಳುತ್ತಾರೆ. ಗದಗಿನಿಂದ ಸೊಸೆಯಾಗಿ ಬಂದಾಗಿನಿಂದ ಕಥೆ ಹೇಳುವ ಹಕ್ಕು ಆಕೆಯದೇ. ಕೆಳಗೆ ಕೆಂಪು ಕಲ್ಲು, ಮೇಲೆ ಗಾರೆಯ ಶಿಖರ, ಗಂಡಸರು ಅಂಗಿ ಬಿಚ್ಚಿಯೇ ಗರ್ಭಗುಡಿಗೆ ಹೋಗಬೇಕು ಎಂಬುದರಿಂದ ಹಿಡಿದು ಎಲ್ಲವನ್ನೂ ರೈಲ್ವೆ ಸ್ಟೇಷನ್ನಿನ ಪ್ರಕಟಣೆಯ ಧಾಟಿಯಲ್ಲಿ ಹೇಳಿ ಮುಗಿಸುತ್ತಿದ್ದಳು. ಆದರೂ ಜನ ಕೈಮುಗಿಯುತ್ತಿದ್ದರು. ಆಕೆಗೆ ಅಷ್ಟೇ ಸಾಕಿತ್ತು.

ಮೊಣಕಾಲು ಕೈಕೊಟ್ಟ ಮೇಲೆ, ನಾಸಿಕ್‌ನಲ್ಲಿದ್ದ ತಂಗಿ ಗೋದಾವರಿಯನ್ನು ತಾನೇ ಕರೆಸಿಕೊಂಡಳು. ಒಂದು ದಿನ ಅಕ್ಕ ಒಲೆಯ ಮುಂದಿದ್ದಾಗ ತಂಗಿ ಕಥೆ ಹೇಳಿದಳು. ಮಕ್ಕಳಿಲ್ಲದ ಸುದೇಹಾ ತಂಗಿ ಘುಷ್ಮಾಳನ್ನು ತಾನೇ ತನ್ನ ಗಂಡನಿಗೆ ಎರಡನೇ ಹೆಂಡತಿಯಾಗಿ ತಂದುಕೊಂಡಳು. ತಂಗಿಗೆ ಮಗ ಹುಟ್ಟಿ ಬೆಳೆದ. ಅಕ್ಕ ಹೊಟ್ಟೆಕಿಚ್ಚಿಗೆ ಅವನನ್ನು ಕೊಂದು ಕೆರೆಗೆ ಎಸೆದಳು. ಅಲ್ಲಿಗೆ ಬಂದಾಗ ಗೋದಾವರಿ ಸೆರಗು ಕಣ್ಣಿಗೊತ್ತಿದಳು, ಪಂಕ್ತಿಗೆ ಪಂಕ್ತಿಯೇ ಅತ್ತಿತು. ಆಮೇಲೆ ಬಂದವರೆಲ್ಲ "ತಂಗ್ಯಾರನ್ನ ಕರೀರಿ" ಎನ್ನತೊಡಗಿದರು.

ಕಸ್ತೂರಿಬಾಯಿಗೆ ಮೈಯೆಲ್ಲ ಉರಿಯಿತು. ಸುದೇಹಾ ಕೆರೆಗೆ ಹೊರಡುವ ಹೊತ್ತಿಗೆ ಸರಿಯಾಗಿ ಮಿಕ್ಸರ್ ಹಚ್ಚತೊಡಗಿದಳು. ಶೇಂಗಾ ಚಟ್ನಿ ಅಷ್ಟು ನುಣ್ಣಗೆ ಎಂದೂ ಆಗಿರಲಿಲ್ಲ! ಗೋದಾವರಿ ಮಿಕ್ಸರ್ ನಿಲ್ಲುವವರೆಗೆ ಸುಮ್ಮನೆ ಕೂತು, ಬಿಟ್ಟಲ್ಲಿಂದಲೇ ಮುಂದುವರಿಸುತ್ತಿದ್ದಳು. ಆ ತಾಳ್ಮೆ ಕಂಡರೆ ಅಕ್ಕನಿಗೆ ಇನ್ನಷ್ಟು ಸಿಟ್ಟು.

ಶ್ರಾವಣ ಸೋಮವಾರ ಬಾಗಲಕೋಟೆಯ ಬಸ್ಸು ಬಂತು. ಗೋದಾವರಿ ಶುರುಮಾಡಿದಳು. ಮಗ ಸತ್ತರೂ ಘುಷ್ಮಾ ಪೂಜೆ ಬಿಡಲಿಲ್ಲ, ಮಗ ನೀರಿನಿಂದ ಎದ್ದು ಬಂದ, ಶಿವ ಸುದೇಹಾಳ ಮೇಲೆ ತ್ರಿಶೂಲ ಎತ್ತಿದ. ಅಷ್ಟರಲ್ಲಿ ಮಿಕ್ಸರ್ ಗುರ್ ಎಂದಿತು. ಈ ಸಲ ಗೋದಾವರಿ ಕಾಯಲಿಲ್ಲ, ಎದ್ದು ನಿಂತು ದನಿ ಏರಿಸಿದಳು.

"ನಾ ಈ ಕಥಿ ಕಲ್ತದ್ದು ನಮ್ಮಕ್ಕನ ಕಡಿಂದರಿ. ಮುಂದಿಂದು ಅಕಿ ಬಾಯಾಗನ ಕೇಳ್ರಿ."

ಎಲ್ಲರೂ ಅಡಿಗೆಮನೆಯತ್ತ ತಿರುಗಿದರು. ಕಸ್ತೂರಿಬಾಯಿ ಮಿಕ್ಸರ್ ಆರಿಸಿ, ಕೈ ಒರೆಸಿಕೊಳ್ಳುತ್ತ ಹೊರಬಂದಳು. ಬೇಡವೆನ್ನುವಂತಿರಲಿಲ್ಲ.

"ಶಿವಾ, ನಮ್ಮಕ್ಕನ್ನ ಕೊಲ್ಲಬ್ಯಾಡ, ಕ್ಷಮಾ ಮಾಡು ಅಂತ ಘುಷ್ಮಾ ಬೇಡಿಕೊಂಡ್ಳರಿ. ಅದಕ್ಕ ಮೆಚ್ಚಿ ಶಿವ ಇಲ್ಲೇ ನಿಂತ."

ಯಾವಾಗಲೂ ಓಡುವ ಮಾತು ಇವತ್ತು ತಡವರಿಸಿತು. ಮುಂದೆ ಕೂತಿದ್ದ ಮುದುಕಿಯೊಬ್ಬಳು ಕೇಳಿದಳು: "ಯವ್ವಾ, ಆಮ್ಯಾಗ ಅಕ್ಕ ಏನಂದ್ಳು?"

ಕಸ್ತೂರಿಬಾಯಿ ತಂಗಿಯನ್ನು ನೋಡಿದಳು.

"ಏನಂತಾಳ್ರಿ ಅಜ್ಜಿ? ಕ್ಷಮಾ ಮಾಡೂದ್ರಾಗೂ ತಂಗೀನ ಮುಂದಾದ್ಳಲ್ಲಾ ಅಂತ ಮತ್ತ ಹೊಟ್ಟಿ ಉರಕೊಂಡ್ಳು."