ಗಯಾಸ್ ಭಾಯ್ ಕಿರುಬೆರಳು

ಗಂಗಾನಗರದಲ್ಲಿ ನನ್ನ ಟಿಂಕರಿಂಗ್ ಅಂಗಡಿಗೆ ಅಂಟಿಕೊಂಡೇ ಗಯಾಸ್ ಭಾಯ್ ಶೆಡ್ ಇತ್ತು. ಬ್ರೇಕ್ ಹಿಡೀತಿಲ್ಲ ಅಂತ ಯಾರಾದರೂ ಬಂದರೆ ಮುಖ ಸಿಂಡರಿಸಿ ಬೇರೆ ಗ್ಯಾರೇಜು ತೋರಿಸುತ್ತಿದ್ದರು. ಅವರದು ಒಂದೇ ಕೆಲಸ. ಇಂಜಿನ್ನಿನ ಮೇಲೆ ಮುಚ್ಚಳದಂತೆ ಕೂರುವ ಹೆಡ್‌ನಲ್ಲಿ ಪೆಟ್ರೋಲು-ಗಾಳಿ ಒಳಹೋಗುವ ದಾರಿ, ಹೊಗೆ ಹೊರಬರುವ ದಾರಿ ಎರಡನ್ನೂ ಗ್ರೈಂಡರ್ ಹಿಡಿದು ಕೆರೆದು, ಅಗಲಿಸಿ, ಫಳಫಳ ನಯ ಮಾಡುವುದು. ಇಂಜಿನ್ ಸಲೀಸಾಗಿ ಉಸಿರಾಡಿದಷ್ಟೂ ಕಸುವು ಹೆಚ್ಚು. ಷೋಳಾವರಂನ ಕಾರು ರೇಸಿಗೆ ಹೋಗುವವರು ಯಶವಂತಪುರದಿಂದ, ಯಲಹಂಕದಿಂದ ಹೆಡ್ಡನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬರುತ್ತಿದ್ದರು.

ಆ ದಾರಿಯ ಗೋಡೆಯಾಚೆ ಇಂಜಿನ್ನನ್ನು ತಣ್ಣಗಿಡುವ ನೀರಿನ ಜಾಗ. ತುಸು ಹೆಚ್ಚು ಕೆರೆದರೆ ತೂತು, ಹೆಡ್ ಗುಜರಿಗೆ. ಇದಕ್ಕೆ ಗಯಾಸ್ ಭಾಯ್ ತಮ್ಮದೇ ಉಪಾಯ ಮಾಡಿಕೊಂಡಿದ್ದರು. ಸ್ವಲ್ಪ ಕೆರೆದು, ನೀರಿನ ಜಾಗಕ್ಕೆ ಕುದಿನೀರು ಹೊಯ್ದು, ದಾರಿಯೊಳಗೆ ಕಿರುಬೆರಳು ತೂರಿಸಿ ಕಣ್ಣು ಮುಚ್ಚುವರು. ಗೋಡೆ ತೆಳುವಾದ ಕಡೆ ಬಿಸಿ ಮೊದಲು ತಟ್ಟುತ್ತದೆ. ತಟ್ಟಿದ ಕಡೆ ಮತ್ತೆ ಗ್ರೈಂಡರ್ ಇಡುತ್ತಿರಲಿಲ್ಲ.

ಎಪ್ಪತ್ತೊಂಬತ್ತರ ಚಳಿಗಾಲದಲ್ಲಿ ಅವರ ಬೆರಳುಗಳು ಸುಣ್ಣ ಬಳಿದಂತೆ ಬಿಳಿಚಿಕೊಳ್ಳುವುದನ್ನು ಕಂಡೆ. ವರ್ಷಗಟ್ಟಲೆ ನಡುಗುವ ಗ್ರೈಂಡರ್ ಹಿಡಿದ ಕೈ. ಒಂದು ದಿನ ಕುದಿಯುವ ಟೀ ಕೈಮೇಲೆ ಚೆಲ್ಲಿದರೂ ಏನೂ ಆಗದವರಂತೆ ಮಾತಾಡುತ್ತಲೇ ಇದ್ದರು.

“ಡಾಕ್ಟರ್ ಹತ್ರ ಹೋಗಿ ಭಾಯ್,” ಎಂದೆ.

“ಥಂಡಿಗೆ ಹಂಗಾಗತ್ತೆ, ಬಿಡು ಪುಟ್ಟಣ್ಣ.”

ಅವರ ಹಟಕ್ಕೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಮುಂದಿನ ವರ್ಷ ಎರಡು ಹೆಡ್ ತೂತಾದವು. ಹೆಡ್ಡಿನ ಎರಕವೇ ಸರಿಯಿರಲಿಲ್ಲ ಎಂದರು ಭಾಯ್. ನಂಬಿದಂತೆ ತಲೆಯಾಡಿಸಿ ಹೋದ ಗಿರಾಕಿಗಳು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಶೆಡ್ಡಿನ ಮುಂದೆ ಗೋಣಿಚೀಲಗಳು ಬರುವುದೇ ನಿಂತಿತು. ಕೊನೆಗೆ ಉಳಿದವರು ಆರ್.ಟಿ. ನಗರದ ಬದರೀನಾಥರೊಬ್ಬರೇ. ತಮ್ಮ ಹಳೆಯ ಹೆರಾಲ್ಡ್ ಕಾರಿನ ಹೆಡ್ಡನ್ನು ಮಗುವನ್ನು ಎತ್ತಿಕೊಂಡಂತೆ ತಂದರು.

“ಗುಜರಿಯೆಲ್ಲಾ ಹುಡುಕ್ದೆ, ಇನ್ನೊಂದು ಸಿಗ್ಲಿಲ್ಲ. ಇರೋದು ಇದೊಂದೇ, ಗಯಾಸ್.”

“ನನ್ನ ಬೆರಳು ಇದೆಯಲ್ಲ ಸಾರ್,” ಎಂದರು ಭಾಯ್. ಇದೂ ಕೆಟ್ಟರೆ ಬೆಂಗಳೂರಿನಲ್ಲಿ ತಮ್ಮನ್ನು ನಂಬಿ ಹೆಡ್ ಕೊಡುವವರು ಯಾರೂ ಉಳಿಯುವುದಿಲ್ಲವೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಮಾರನೆಯ ಮಧ್ಯಾಹ್ನ ಕೆಲಸ ನೋಡುತ್ತಾ ನಾನು ಅಲ್ಲೇ ಕೂತಿದ್ದೆ. ಕೆರೆದರು, ನೀರು ಹೊಯ್ದರು, ಬೆರಳಿಟ್ಟರು. “ಬಿಸಿ ಬರ್ತಿಲ್ಲ. ಗೋಡೆ ಇನ್ನೂ ದಪ್ಪ ಇದೆ.” ಮತ್ತೆ ಕೆರೆದರು. ಮತ್ತೆ ಅದೇ ಮಾತು. ಬೆರಳು ಕೆಂಪಗೆ ಬೆಂದಿತ್ತು, ಮುಖದಲ್ಲಿ ಮಾತ್ರ ಹಳೆಯ ನಗು. ನಾನು ಬೇಡ ಅನ್ನಲು ಬಾಯಿ ತೆರೆಯುವಷ್ಟರಲ್ಲಿ ಅವರ ಹೆಂಡತಿ ಅಕ್ಬರಿ ಭಾಬಿ ಊಟದ ಕ್ಯಾರಿಯರ್ ಹಿಡಿದು ಬಂದರು. ಆ ಬೆರಳನ್ನು ನೋಡಿದರು. ಕ್ಯಾರಿಯರ್ ಕೆಳಗಿಟ್ಟು, ತಮ್ಮ ಕಿರುಬೆರಳನ್ನು ಅದೇ ದಾರಿಗೆ ತೂರಿಸಿದರು.

“ಯಾ ಅಲ್ಲಾ!” ಎಂದು ಚೀರಿ ಕೈ ಎಳೆದುಕೊಂಡರು. “ಒಳಗೆ ಬೆಂಕಿ ಇದ್ದಂಗಿದೆ! ನಿಮಗೆ ಗೊತ್ತಾಗ್ಲಿಲ್ವಾ?”

ಗಯಾಸ್ ಭಾಯ್ ಸ್ಟೂಲಿನ ಮೇಲೆ ಕುಸಿದರು. ಗ್ರೈಂಡರ್ ಕೈಯಲ್ಲೇ ತಿರುಗುತ್ತಿತ್ತು.

“ನಾನು ದಿನಾ ಬರ್ತೀನಿ,” ಎಂದರು ಭಾಬಿ. “ನೀವು ಕೆರೀರಿ, ಬೆರಳು ನಾನಿಡ್ತೀನಿ. ಯಾರಿಗೂ ಹೇಳೋದು ಬೇಡ.”

ಅದೇ ಸರಿ ಎಂದು ನಾನೂ ದನಿಗೂಡಿಸಿದೆ. ಭಾಯ್ ಮುಖದಲ್ಲಿ ಆಸೆ ಬಂದದ್ದನ್ನು ಕಂಡೆ, ಎಷ್ಟು ಆಸೆಯೆಂದರೆ ನೋಡಲಾಗಲಿಲ್ಲ. ತಿರುಗುತ್ತಿದ್ದ ಗ್ರೈಂಡರನ್ನು ಹಾಗೇ ಪಕ್ಕಕ್ಕಿಟ್ಟು, ಭಾಬಿಯ ಕೈ ತೆಗೆದುಕೊಂಡು, ಹೆಬ್ಬೆರಳಿನಿಂದ ಅವರ ಕಿರುಬೆರಳನ್ನು ಮೆಲ್ಲಗೆ ತಡವುತ್ತಾ ಕೇಳಿದರು:

“ಬೊಬ್ಬೆ ಎದ್ದಿಲ್ಲ ತಾನೇ?”

ಬೊಬ್ಬೆ ಅವರ ಹೆಬ್ಬೆರಳಿನಡಿಯಲ್ಲೇ ಇತ್ತು. ಭಾಬಿ ಉಸಿರು ಬಿಗಿಹಿಡಿದು ನನ್ನತ್ತ ನೋಡಿದರು. ಆಗ ಭಾಯ್ ಬಗ್ಗಿ, ಆ ಬೆರಳನ್ನು ಕಣ್ಣ ಹತ್ತಿರ ತಂದು ನೋಡಿದರು. ಬಹಳ ಹೊತ್ತು ನೋಡಿದರು. ಎದ್ದು ಹೋಗಿ ಗೋಡೆಯ ಮೇಲಿದ್ದ ಗ್ರೈಂಡರಿನ ಸ್ವಿಚ್ ಆರಿಸಿದರು.

ಹೆಡ್ ತೂತಾಗಿರಲಿಲ್ಲ. ಅರ್ಧ ಕೆಲಸವಾಗಿದ್ದ ಅದನ್ನು ಸಂಜೆ ನಾನೇ ಹೊತ್ತುಕೊಂಡು ಹೋಗಿ ಬದರೀನಾಥರಿಗೆ ಕೊಟ್ಟು ಬಂದೆ.