ಮಾವನಿಗೊಂದು ತಂತಿ

ಒಂದು ಉಪನಯನದ ಊಟದ ಪಂಕ್ತಿಯಲ್ಲಿ ಕೂತು ನನ್ನ ಸೋದರಮಾವನಿಗೆ ನಾನು ಹೇಳಿದ್ದು ಇಷ್ಟೇ: "ನಿಮ್ಮ ಆ ಟಕ್ಕುಟಕ್ಕು ವಿದ್ಯೆ ಇನ್ನು ಯಾರಿಗೆ ಬೇಕು ಮಾವ?" ಪುತ್ತೂರಿನ ತಂತಿ ಕಚೇರಿಯಲ್ಲಿ ಚುಕ್ಕೆ-ಗೆರೆಗಳ ಮೋರ್ಸ್ ಸಂಕೇತ ಕುಟ್ಟಿಯೇ ನಿವೃತ್ತರಾದವರು ಅವರು. ಪಂಕ್ತಿಯಿಡೀ ನಕ್ಕಿತು. ಮಾವ ಪಾಯಸಕ್ಕೆ ಕಾಯದೆ ಎಲೆಯಿಂದ ಎದ್ದರು. ಆಮೇಲೆ ಮೂರು ವರ್ಷ ನನ್ನ ಫೋನು ಎತ್ತಲಿಲ್ಲ. ನನ್ನನ್ನು ಎತ್ತಿ ಆಡಿಸಿದವರು. ನನಗೆ ಒಳಗೇ ಕೊರೆಯುತ್ತಿತ್ತು.

ವಿಜ್ಞಾನ ಮಾಸ್ತರನಾದ ನನ್ನ ಬುದ್ಧಿ ನೋಡಿ. ಮಾವನ ಊರು ಆಲೆಟ್ಟಿಗೆ ಹೋಗಿ ಕಾಲು ಹಿಡಿದರೆ ಮುಗಿಯುವ ಕೆಲಸಕ್ಕೆ ಕಡಬದ ನನ್ನ ಮನೆಯಲ್ಲಿ ಕೂತು ಮೈಕ್ರೊಕಂಟ್ರೋಲರ್ ಎಂಬ ಪುಟ್ಟ ಕಂಪ್ಯೂಟರ್ ಚಿಪ್ಪು ತರಿಸಿದೆ. ಕೊಂಕಣ ಸುತ್ತಿ ಮೈಲಾರಕ್ಕೆ ಹೋಗುವುದೆಂದರೆ ಇದೇ. ಎರಡು ಪೆಟ್ಟಿಗೆ: ಇಲ್ಲಿ ಪಟ್ಟಿ ಒತ್ತಿದರೆ ಇಂಟರ್ನೆಟ್ಟಿನ ಮೂಲಕ ಅಲ್ಲಿಯದು ಕುಂಯ್ ಅನ್ನಬೇಕು. ಪೆಟ್ಟಿಗೆ ಎಂದರೆ ಬೇಕರಿಯ ಮಿಠಾಯಿ ಡಬ್ಬ, ಪಟ್ಟಿ ಎಂದರೆ ಹ್ಯಾಕ್ಸಾ ಬ್ಲೇಡಿನ ತುಂಡು. ತಂತಿಗೆ ಬೆಸುಗೆ ಹಾಕುವಾಗ ಬೆರಳು ಮೂರು ಕಡೆ ಸುಟ್ಟಿತು.

"ಒಂದು ತಪ್ಪಾಯ್ತು ಹೇಳ್ಲಿಕ್ಕೆ ಇಷ್ಟೆಲ್ಲ ಬೇಕಾ ಮಾರಾಯ್ರೆ?" ಎಂದಳು ಹೆಂಡತಿ. ಎದುರು ನಿಂತು ಹೇಳಲು ಹೆದರಿಕೆ ಎನ್ನುವ ಬದಲು ನಾನು ಡಬ್ಬದ ಮುಚ್ಚಳ ಬಿಗಿದೆ.

ಮಾವನ ಹೆಂಡತಿ, ಅಂದರೆ ಅತ್ತೆಯಿಂದ, ಅವರ ಮನೆಯ ವೈಫೈ ಪಾಸ್‌ವರ್ಡ್ ಕೇಳಿ ತುಂಬಿಸಿ ಒಂದು ಪೆಟ್ಟಿಗೆಯನ್ನು ಮಾವನಿಗೆ ಕಳಿಸಿಕೊಟ್ಟೆ. ಮೋರ್ಸ್ ಚಾರ್ಟು ನೋಡಿಕೊಂಡು, ಇಂಗ್ಲಿಷ್ ಅಕ್ಷರಗಳಲ್ಲಿ "ತಪ್ಪಾಯಿತು" ಎಂದು ಕುಟ್ಟಿದೆ.

ಮಧ್ಯಾಹ್ನ ಉತ್ತರ ಬಂತು! ಬರೀ ಚುಕ್ಕೆಗಳು. ಬಿಡಿಸಿದರೆ ಐ, ಎಸ್, ಎಚ್, ಇ. ಮರುದಿನ ಅದೇ ಹೊತ್ತಿಗೆ ಪುನಃ ಅಂಥದ್ದೇ. ತುಳುವಿನಲ್ಲಿ ಓದಿ ನೋಡಿದೆ, ಮಲಯಾಳದಲ್ಲಿ ಓದಿ ನೋಡಿದೆ. ನಾಲ್ಕು ದಿನಕ್ಕೆ ನೋಟ್‌ಬುಕ್ಕಿನ ಆರು ಪುಟ ತುಂಬಿತು. ಬೈಗುಳವೇ ಇರಬೇಕೆಂದು ತೀರ್ಮಾನಿಸಿ, ಸುಳ್ಯದಲ್ಲಿ ಬಸ್ಸು ಬದಲಿಸಿ ಆಲೆಟ್ಟಿಗೆ ಹೋದೆ.

ಮಾವ ಜಗಲಿಯ ಬೆಂಚಿನಲ್ಲಿ ಕೂತು ಎಲೆಯಡಿಕೆ ಕುಟ್ಟುತ್ತಿದ್ದರು. ಹಲ್ಲು ಹೋದ ಮೇಲೆ ಮಧ್ಯಾಹ್ನದ ಊಟವಾದದ್ದೇ ಅವರಿಗೆ ಕಬ್ಬಿಣದ ಕುಟ್ಟಾಣಿ ಬೇಕು. ಅದೇ ಬೆಂಚಿನ ತುದಿಯಲ್ಲಿ ನನ್ನ ಪೆಟ್ಟಿಗೆ. ಒಂದೊಂದು ಪೆಟ್ಟಿಗೂ ಬ್ಲೇಡು ನಡುಗಿ ಒಂದೊಂದು ಚುಕ್ಕೆ ಕಡಬಕ್ಕೆ ಹೋಗುತ್ತಿತ್ತು. ನಾಲ್ಕು ದಿನ ನಾನು ಮಾವನ ಎಲೆಯಡಿಕೆಯನ್ನು ಶ್ರದ್ಧೆಯಿಂದ ಓದಿದ್ದೆ.

ಮಾವ ತಲೆಯೆತ್ತಿದರು. "ನೀನು ಕಳಿಸಿದ್ದು ಬಂದುಂಟು. ಆದ್ರೆ ಎಂತ ಕೈ ಮಾರಾಯ ಅದು? ಅಕ್ಷರಕ್ಕೂ ಅಕ್ಷರಕ್ಕೂ ಎಡೆಯೇ ಇಲ್ಲ. ಅಂಥದ್ದನ್ನು ನಾವು ತೆಗೊಳ್ಳುದಿಲ್ಲ. ಮನೆಗೆ ಹೋಗಿ ಪುನಃ ಕಳಿಸು."

ಮೂರು ವರ್ಷದ ನಂತರ ಅವರು ಆಡಿದ ಮೊದಲ ಮಾತು. ನನಗೆ ಅಳು ಬಂತು, ನಗುವೂ ಬಂತು.

ಅಂದಿನಿಂದ ದಿನಾ ಬೆಳಿಗ್ಗೆ "ತಪ್ಪಾಯಿತು" ಕುಟ್ಟಿದೆ. ದಿನಾ ಉತ್ತರ ಬಂತು, ಈಗ ಗೆರೆಗಳೂ ಸೇರಿ: "ಪುನಃ." ಹತ್ತನೆಯ ದಿನದ್ದು ಮಾತ್ರ ಉದ್ದವಿತ್ತು: "ತಲುಪಿತು. ಪಾಯಸ ಉಂಟು. ಊಟಕ್ಕೆ ಬಾ."

ಚಾರ್ಟು ನೋಡಿ ಅಷ್ಟನ್ನು ಬಿಡಿಸಲು ನನಗೆ ಒಂದು ಗಂಟೆ ಹಿಡಿದು ಬಸ್ಸು ತಪ್ಪಿತು. ಆಲೆಟ್ಟಿ ಮುಟ್ಟುವಾಗ ಮೂರು ಗಂಟೆ. ಮಾವ ಎರಡು ಎಲೆ ಹಾಕಿಸಿ, ಉಣ್ಣದೆ ಕಾದು ಕೂತಿದ್ದರು.