ಬರಲಿಲ್ಲ ಎಂದು ಬರೆದುಕೊಟ್ಟ ಮೇಲ್

ಕೋವಿಡ್ ಮುಗಿದ ಮರುವರ್ಷ. ನಾನಾಗ ಹೊನ್ನಾಳಿಯಲ್ಲಿ ಒಂದು ಖಾಸಗಿ ವಿದ್ಯಾಸಂಸ್ಥೆಯ ಸಿಸ್ಟಂ ಅಡ್ಮಿನಿಸ್ಟ್ರೇಟರ್. ಚನ್ನಗಿರಿ, ನ್ಯಾಮತಿ, ಜಗಳೂರಿನಲ್ಲೂ ನಮ್ಮ ಕಾಲೇಜುಗಳಿದ್ದವು. ಎಲ್ಲಕ್ಕೂ ಒಂದೇ ಮೇಲ್ ಸರ್ವರ್, ಅದಕ್ಕೆ ನಾನೊಬ್ಬನೇ ದಿಕ್ಕು.

ಸ್ಪ್ಯಾಮ್ ಕಾಟ ವಿಪರೀತವಾಗಿತ್ತು. ಲಾಟರಿ ಹೊಡೆದಿದೆ, ಬೋಳು ತಲೆಯಲ್ಲಿ ಕೂದಲು ಬೆಳೆಸುತ್ತೇವೆ ಎಂಬ ಮೇಲ್‌ಗಳ ನಡುವೆ ವಿಶ್ವವಿದ್ಯಾಲಯದ ಸುತ್ತೋಲೆ ಹುಡುಕಬೇಕಿತ್ತು. ಸಂಸ್ಥೆಯ ಕಾರ್ಯದರ್ಶಿಗಳು ದಿನಾ ಕರೆಸಿ, "ಏನ್ರೀ, ಇದೊಂದು ನಿಲ್ಸಾಕೆ ಆಗಲ್ವ ನಿಮ್ಗೆ?" ಎನ್ನುತ್ತಿದ್ದರು. ಕೊನೆಗೆ ಒಂದು ಬ್ಲ್ಯಾಕ್‌ಲಿಸ್ಟ್ ಸೇವೆಯನ್ನು ಜೋಡಿಸಿದೆ. ಸ್ಪ್ಯಾಮ್ ಕಳಿಸಿ ಸಿಕ್ಕಿಬಿದ್ದ ಸರ್ವರ್‌ಗಳ ಐಪಿ ವಿಳಾಸಗಳನ್ನು ಪಟ್ಟಿ ಮಾಡಿಡುವ ಸೇವೆ ಅದು. ಪಟ್ಟಿಯಲ್ಲಿರುವ ವಿಳಾಸದಿಂದ ಮೇಲ್ ಬಂದರೆ, ಬೇರೆ ಫೋಲ್ಡರ್‌ಗೆ ಹಾಕಿಟ್ಟು ಮನುಷ್ಯರು ನೋಡಬಹುದು, ಇಲ್ಲವೇ ಬಾಗಿಲಲ್ಲೇ ತಿರುಗಿಸಿ ಕಳಿಸಬಹುದು. ಫೋಲ್ಡರ್ ಇಟ್ಟರೆ ದಿನಾ ನೋಡಬೇಕಾದವನು ನಾನೇ. ಯಾರಿಗೆ ಬೇಕು ಆ ತಲೆನೋವು ಅಂತ ತಿರುಗಿಸಿ ಕಳಿಸುವುದಕ್ಕೇ ಇಟ್ಟೆ. ಎರಡೇ ದಿನಕ್ಕೆ ಇನ್‌ಬಾಕ್ಸ್ ಸ್ವಚ್ಛವಾಯಿತು. ಕಾರ್ಯದರ್ಶಿಗಳು ಕಾಫಿ ತರಿಸಿಕೊಟ್ಟರು, ನಾನು ಬೀಗಿದೆ.

ಅದೇ ತಿಂಗಳು ಗುತ್ತಿಗೆ ಲ್ಯಾಬ್ ಸಹಾಯಕರನ್ನು ಕಾಯಂ ಮಾಡಲು ಸಂಸ್ಥೆ ತೀರ್ಮಾನಿಸಿತು. ಅವರ ಒಪ್ಪಿಗೆ ಪತ್ರ ಶನಿವಾರ ಸಂಜೆ ಐದರೊಳಗೆ ಮೇಲ್‌ನಲ್ಲೇ ಬರಬೇಕು. ಬಾರದವರ ಜಾಗ ಮುಂದಿನವರಿಗೆ. ಜಗಳೂರಿನ ಶಾಂತಕ್ಕ ಒಂಬತ್ತು ವರ್ಷದಿಂದ ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ದುಡಿದವರು. ಶುಕ್ರವಾರವೇ ಸೈಬರ್ ಸೆಂಟರ್‌ಗೆ ಹೋಗಿ ಪತ್ರ ಕಳಿಸಿದ್ದರು. ನಮ್ಮ ಕಡೆ ಸೈಬರ್ ಸೆಂಟರ್‌ನವರು ಯಾರ ಅರ್ಜಿಯಾದರೂ ಅಂಗಡಿಯ ಮೇಲ್ ಐಡಿಯಿಂದಲೇ ಕಳಿಸಿಬಿಡುತ್ತಾರೆ. ಬರುವವರಲ್ಲಿ ಪಾಸ್‌ವರ್ಡ್ ಮರೆತವರೇ ಹೆಚ್ಚು. ಆ ಅಂಗಡಿಯ ಮೇಲ್ ಹತ್ತಾರು ಜನ ಹಂಚಿಕೊಂಡ ಒಂದು ಸರ್ವರ್‌ನಲ್ಲಿತ್ತು. ಅವರಲ್ಲಿ ಇನ್ಯಾರೋ ಸ್ಪ್ಯಾಮ್ ಕಳಿಸಿ, ಇಡೀ ಸರ್ವರ್ ಪಟ್ಟಿ ಸೇರಿತ್ತು. ಶಾಂತಕ್ಕನ ಪತ್ರ ತಿರುಗಿ ಅಂಗಡಿಯ ಇನ್‌ಬಾಕ್ಸ್‌ಗೆ ಬಿತ್ತು. ಅಲ್ಲಿ ಅದನ್ನು ಯಾರೂ ತೆರೆಯಲಿಲ್ಲ.

ಸೋಮವಾರ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಆಕೆಯ ಹೆಸರಿರಲಿಲ್ಲ. ಅಂಗಡಿಯವನು ಆಗ ಹುಡುಕಿ, ತಿರುಗಿ ಬಂದ ಮೇಲ್ ಪ್ರಿಂಟ್ ತೆಗೆದುಕೊಟ್ಟಿದ್ದ. ಮಾರನೇ ದಿನ ಶಾಂತಕ್ಕ ದಾವಣಗೆರೆಯಲ್ಲಿ ಬಸ್ ಬದಲಿಸಿ ಹೊನ್ನಾಳಿಗೆ ಬಂದು ಅದನ್ನು ನನ್ನ ಮುಂದೆ ಹಿಡಿದರು.

"ಸಾರ್, ಇದ್ರಾಗೆ ಬ್ಲ್ಯಾಕ್‌ಲಿಸ್ಟ್ ಅಂತ ಐತಂತೆ. ನಾನೇನ್ ತಪ್ಪು ಮಾಡೀನಿ?"

"ನಿಮ್ಮದೇನಿಲ್ಲಮ್ಮ, ಅದು ಮಷಿನ್ ಸಮಾಚಾರ" ಎಂದೆ. ನಾಚಿಕೆಗೆಟ್ಟ ಉತ್ತರ.

ಕಾರ್ಯದರ್ಶಿಗಳು ಆ ಪ್ರಿಂಟನ್ನು ನಂಬಲಿಲ್ಲ. "ಇಂಥವು ಅಂಗಡ್ಯಾಗೆ ಎಷ್ಟು ಬೇಕಾದ್ರೂ ಮಾಡಿಕೊಡ್ತಾರೆ. ನಮ್ಮ ಸರ್ವರ್ ಏನ್ ಹೇಳುತ್ತೋ ಅದನ್ನ ಬರೆದುಕೊಡ್ರಿ" ಎಂದರು.

ಬಂದ, ತಿರುಗಿದ ಮೇಲ್‌ಗಳನ್ನೆಲ್ಲ ಸರ್ವರ್ ದಾಖಲಿಸಿಡುವ ಲಾಗ್ ತೆರೆದೆ. ಶುಕ್ರವಾರ ಮಧ್ಯಾಹ್ನ ಮೇಲ್ ನಮ್ಮ ಬಾಗಿಲಿಗೆ ಬಂದದ್ದು, ನಾನು ಹಾಕಿದ ನಿಯಮ ಅದನ್ನು ಹೊರಗೆ ತಳ್ಳಿದ್ದು, ಎರಡೂ ಒಂದೇ ಸಾಲಿನಲ್ಲಿದ್ದವು. ಆ ಸಾಲನ್ನು ಕೊಟ್ಟಿದ್ದರೆ ಆಕೆಯ ಕೆಲಸ ಉಳಿಯುತ್ತಿತ್ತು, ನನಗೆ ಒಂದಿಷ್ಟು ಬೈಗುಳ ಸಿಗುತ್ತಿತ್ತು. ಅಷ್ಟೇ. ಅಷ್ಟಕ್ಕೇ ಹೆದರಿ "ಇನ್‌ಬಾಕ್ಸ್‌ಗೆ ಮೇಲ್ ಬಂದಿರುವುದಿಲ್ಲ" ಎಂದು ಬರೆದು ಸಹಿ ಹಾಕಿದೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಶಾಂತಕ್ಕನ ಜಾಗ ಮುಂದಿನವರಿಗೆ ಹೋಯಿತು.

ಹೊರಡುವ ಮುಂಚೆ ಆಕೆ ನನ್ನ ಮೇಜಿನ ಹತ್ತಿರ ಬಂದರು. "ಹೋಗ್ಲಿ ಬಿಡ್ರಿ ಸಾರ್. ನೀವಾದ್ರೂ ನನ್ನ ಸಲುವಾಗಿ ಹುಡುಕಿದ್ರಿ" ಎಂದು ಕೈ ಮುಗಿದರು. ನಾನೂ ಮುಗಿದೆ.

ಆ ಸಂಜೆಯೇ ತಿರುಗಿಸುವ ನಿಯಮ ತೆಗೆದು ಫೋಲ್ಡರ್ ಇಟ್ಟೆ. ಎರಡು ನಿಮಿಷದ ಕೆಲಸ. ಕಳೆದ ವರ್ಷ ನಿವೃತ್ತನಾಗುವವರೆಗೂ ದಿನಾ ಬೆಳಗ್ಗೆ ಅದನ್ನು ತೆರೆದು ನೋಡಿದೆ. ಯಾರನ್ನು ಒಳಗೆ ಬಿಡಬಾರದೆಂದು ಮಷಿನ್‌ಗೆ ಹೇಳಿಕೊಟ್ಟವನು, ಹೊರಗುಳಿದವರ ಮುಂದೆ ನಿಂತು "ತಳ್ಳಿದ್ದು ನಾನೇ" ಎನ್ನಬೇಕು. ನೌಕರಿ ನನಗೆ ಕಲಿಸಿದ್ದು ಇಷ್ಟು. ನಾನು ಅನ್ನಲಿಲ್ಲ. ಶಾಂತಕ್ಕ ಇವತ್ತಿಗೂ ನನ್ನನ್ನು ಒಳ್ಳೆಯವನು ಅಂದುಕೊಂಡಿದ್ದಾರೆ.